ಸೆಕ್ರೆಟರಿ ಸಾಹೇಬರ ‘ಗುಡ್, ಗುಡ್’

ಯಾದಗಿರಿ ಕಡೆಯಿಂದ ಬಂದ ನನಗೆ ಬೆಂಗಳೂರಿನ ಗರುಡಾಚಾರ್‌ಪಾಳ್ಯವೇ ಪರದೇಶ. ಬಾಯಿ ಮುಚ್ಚಿಕೊಂಡಿದ್ದರೂ ಇಲ್ಲಿ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಮುಚ್ಚಿಕೊಂಡಿರುವುದು ಅಪರೂಪ, ಆ ಮಾತು ಬೇರೆ.

ಒಂದು

ಎದುರಿನ ಅಪಾರ್ಟ್‌ಮೆಂಟಿನ ಮನೆಗಳಿಗೆ ನಾನು ಜೋಳದ ರೊಟ್ಟಿ ಮಾಡಿಕೊಡುತ್ತೇನೆ. ಅಲ್ಲಿನ ಕೆಲವರು ಕನ್ನಡ ಅಕ್ಷರ ಕಲಿತಿದ್ದರು, ನಾಲ್ಕು ಸಾಲು ಬರೆಯಲು ಬರುತ್ತಿರಲಿಲ್ಲ. ಡಬ್ಬಿಯ ಮೇಲಿನ ನನ್ನ ಚೀಟಿ ನೋಡಿ, “ಬೇಸಿಗೆ ರಜೆಯಲ್ಲಿ ನಮಗೂ ಕಲಿಸಿ” ಎಂದರು.

ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಸಾಹೇಬರು ಕರೆಸಿದರು. ‘ಇಪ್ಪತ್ತು ವರ್ಷದಿಂದ ಇಲ್ಲಿದ್ದೀನಿ, ಕನ್ನಡ ಎಲ್ಲ ಅರ್ಥವಾಗುತ್ತೆ’ ಎಂದು ಹಿಂದಿಯಲ್ಲಿ ಹೇಳುವವರು ಅವರು. ಎಷ್ಟು ಓದಿದ್ದೀಯ ಎಂದರು. ಹತ್ತನೇ ಕ್ಲಾಸ್ ಎಂದೆ. ಇಲ್ಲಿರುವವರೆಲ್ಲ ಎಂಜಿನಿಯರುಗಳು ಎಂದರು.

“ಅದಕ್ಕೇ ಸರ್, ಒಂದನೇ ಕ್ಲಾಸಿಂದ ಶುರು ಮಾಡ್ತೀನಿ” ಎಂದೆ ಕನ್ನಡದಲ್ಲಿ.

“ಗುಡ್, ಗುಡ್” ಎಂದು ತಲೆಯಾಡಿಸಿದರು.

ಆದರೆ ಒಂದು ಷರತ್ತು. ತಿಂಗಳ ಕೊನೆಗೆ ಎಲ್ಲರೂ ಸ್ವಂತವಾಗಿ ಒಂದೊಂದು ಪುಟ ಬರೆದು ಅವರೆದುರು ಓದಬೇಕು. ಇಲ್ಲದಿದ್ದರೆ ಕ್ಲಾಸ್ ಬಂದ್, ನಮಗೆ ಕೊಟ್ಟ ಕ್ಲಬ್‌ಹೌಸ್ ಜುಂಬಾ ಡಾನ್ಸಿನವರಿಗೆ. ಅಷ್ಟರಲ್ಲಿ ನನ್ನ ಐದು ವರ್ಷದ ಮಗಳು “ನಮ್ಮವ್ವ ಟೀಚರ್” ಎಂದು ಇಡೀ ವಠಾರಕ್ಕೆ ಸಾರಿಬಿಟ್ಟಿದ್ದಳು. ಇನ್ನು ಸೋಲುವ ಹಾಗೇ ಇರಲಿಲ್ಲ.

ಎರಡು

ಅಜ್ಜಿಯ ಬಗ್ಗೆ ಐದು ಸಾಲು ಬರೆದು ತನ್ನಿ ಎಂದಿದ್ದೆ. ದೆಹಲಿಯ ಕಂಪ್ಯೂಟರ್ ಎಂಜಿನಿಯರ್ ಎರಡು ಪುಟ ತಂದರು. ಅಜ್ಜಿ ಹೊಳೆದಂಡೆಯಲ್ಲಿ ಹಾಡು ಹೇಳುತ್ತ ಭತ್ತ ಕುಟ್ಟುತ್ತಿದ್ದಾಳೆ!

“ನಿಮ್ಮಜ್ಜಿ ಏನ್ ಕೆಲಸ ಮಾಡ್ತಿದ್ರು?”

“ಬ್ಯಾಂಕ್ ಮ್ಯಾನೇಜರ್, ಮೇಡಂ.”

“ಮತ್ತೆ ಭತ್ತ ಯಾಕ್ರೀ ಕುಟ್ಟಿದ್ರು?”

ಅವರು ಜೇಬಿನಿಂದ ಫೋನ್ ತೆಗೆದರು. “ಒಂದ್ ನಿಮಿಷ ಮೇಡಂ, ಬರೆದಿದ್ದು ಇದರಲ್ಲಿರೋ ಎಐ. ಕೇಳಿ ಹೇಳ್ತೀನಿ.”

ಮೂರು

ಕೊನೆಗೆ ಎರಡೇ ದಿನ ಉಳಿದವು. ಎಲ್ಲರ ಪುಟವೂ ಖಾಲಿ. ನನಗೆ ರೇಗಿತು. “ಹೂವು, ಚಂದ್ರ ಎಲ್ಲ ಬಿಡ್ರಿ. ಯಾರ ಮೇಲೆ ಸಿಟ್ಟಿದೆಯೋ ಅದನ್ನ ಬರೀರಿ” ಎಂದೆ. ಪೆನ್ನುಗಳು ಹೇಗೆ ಓಡಿದವು ಅಂತೀರಿ!

ಓದುವ ದಿನ ಸೆಕ್ರೆಟರಿ ಸಾಹೇಬರು ಮುಂದಿನ ಸಾಲಿನಲ್ಲೇ ಕೂತಿದ್ದರು. ಮೊದಲನೆಯವರು ಓದಿದರು: “ಲಿಫ್ಟ್ ಕೆಟ್ಟು ವಾರವಾಯಿತು. ಸೆಕ್ರೆಟರಿಗೆ ಚಿಂತೆಯಿಲ್ಲ, ಅವರ ಮನೆ ಕೆಳಗಡೆ.” ಎರಡನೆಯವರು: “ನಲ್ಲಿಯಲ್ಲಿ ನೀರು ನಿಲ್ಲುತ್ತದೆ. ಸೆಕ್ರೆಟರಿಯ ಭಾಷಣ ನಿಲ್ಲುವುದಿಲ್ಲ.”

ಕ್ಲಾಸೂ ಹೋಯಿತು, ರೊಟ್ಟಿಯೂ ಹೋಯಿತು ಅಂದುಕೊಂಡೆ. ಸಾಹೇಬರೋ, ‘ಸೆಕ್ರೆಟರಿ’ ಎಂದು ಕೇಳಿದಾಗಲೆಲ್ಲ ಎದೆಯುಬ್ಬಿಸಿ “ಗುಡ್, ಗುಡ್” ಎನ್ನುತ್ತಿದ್ದರು. ಕೊನೆಗೆ ಎದ್ದ ಅವರ ಹೆಂಡತಿಯೂ ನನ್ನ ಕ್ಲಾಸಿನವರೇ; ಗಂಡನ ಮೇಲಿನ ಸಿಟ್ಟಿಗೆ ಒಂದು ಪುಟ ಸಾಲದೆ ಮೂರು ಪುಟ ಓದಿದರು. ಇಡೀ ಕ್ಲಬ್‌ಹೌಸ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರೇ.

ಕ್ಲಾಸ್ ಉಳಿಯಿತು. ಎಲ್ಲರ ಪುಟಗಳೂ ಸಾಹೇಬರದೇ ಸಹಿಯೊಂದಿಗೆ ನೋಟಿಸ್ ಬೋರ್ಡಿನಲ್ಲಿವೆ. ಹೆಂಡತಿಯ ಮೂರು ಪುಟಕ್ಕೆ ಮಾತ್ರ ಫ್ರೇಮ್ ಹಾಕಿಸಿ, ತಮ್ಮ ಮನೆಯ ಹಾಲ್‌ನಲ್ಲೇ ತೂಗುಹಾಕಿದ್ದಾರೆ.