ಬರ್ಕೊಳ್ಳಾವ ಬಂದ, ಬಾಗಲಾ ಹಾಕ್ರಿ!

ನಮ್ಮ ಕಾಕಾ ಇದುವರೆಗೆ ಒಂದು ಇರುವೆಯನ್ನೂ ಕೊಂದವರಲ್ಲ. ಆದರೂ ಸವಣೂರಿನಿಂದ ಹಿರೇಕೆರೂರಿನವರೆಗೆ ಅವರನ್ನು ಕಂಡ ಮುದುಕಿಯರೆಲ್ಲ ಒಳಗೆ ಓಡುತ್ತಾರೆ! ಓಡಲಾಗದವರು ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಾರೆ. ಯಮಧರ್ಮ ಕೋಣ ಹತ್ತಿ ಬಂದರೂ ಇಷ್ಟು ಗಡಿಬಿಡಿ ಆಗಲಿಕ್ಕಿಲ್ಲ.

ಕಾಕಾ ಎಂದರೆ ನಮ್ಮಪ್ಪನ ಕಿರಿಯ ತಮ್ಮ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾರೆ. ಅದಕ್ಕೊಂದು ದೊಡ್ಡ ಪ್ರಬಂಧ ಬರೆಯಬೇಕಂತೆ. ಜೊತೆಯವರೆಲ್ಲ ಗ್ರಂಥಾಲಯದಲ್ಲಿ ಫ್ಯಾನಿನ ಕೆಳಗೆ ಕೂತು ರಾಜಮಹಾರಾಜರ ಬಗ್ಗೆ ಬರೆಯುತ್ತಿದ್ದರೆ, ಇವರು ಹಿಡಿದದ್ದು ಒಂದು ಬೀಸುವ ಪದ! ತವರಿಗೆ ಹೊರಟ ಹೆಣ್ಣುಮಗಳೊಬ್ಬಳು ಒಬ್ಬಳೇ ಹಳ್ಳ, ಗುಡ್ಡ ದಾಟುತ್ತ ಹೋಗುವ ಹಾಡು. ನಮ್ಮ ಸೀಮೆಯ ಊರೂರಲ್ಲೂ ಹಾಡುತ್ತಾರೆ. ಆದರೆ ಕೊನೆ ಮಾತ್ರ ಯಾರಿಗೂ ಬರುವುದಿಲ್ಲ. ಆಕೆ ತವರು ಮುಟ್ಟಿದಳೋ ಇಲ್ಲವೋ? ಅದು ತಿಳಿಯದೆ ಪ್ರಬಂಧ ಮುಗಿಯುವುದಿಲ್ಲ, ಪ್ರಬಂಧ ಮುಗಿಯದೆ ಪದವಿ ಸಿಗುವುದಿಲ್ಲ.

ನಾನು ಕಾಲೇಜಿನ ಮುಖ ಕಂಡವನಲ್ಲ, ಸಿಕ್ಕಿದ್ದನ್ನು ಓದಿ ನನ್ನಷ್ಟಕ್ಕೆ ನಾನೇ ಪಂಡಿತನಾದವನು. ಭಾರಿ ಉತ್ಸಾಹದಿಂದ ಕೇಳಿದೆ: "ಕಾಕಾ, ಸಂಶೋಧನೆಗೆ ಏನೇನು ಸಾಮಾನು ಬೇಕಾಗ್ತಾವು?"

ಭೂತಗನ್ನಡಿ, ಶಬ್ದಕೋಶ ಅಂತೇನಾದರೂ ಹೇಳುತ್ತಾರೆಂದು ಕಾದೆ.

"ಅರ್ಧ ಸೇರು ಜ್ವಾಳ," ಎಂದರು!

ಸುಳ್ಳಲ್ಲ. ಸುಮ್ಮನೆ ಕೂಡಿಸಿ ಹಾಡೆಂದರೆ ಯಾವ ಮುದುಕಿಗೂ ಎರಡನೇ ನುಡಿ ನೆನಪಾಗುವುದಿಲ್ಲ. ಬೀಸುಕಲ್ಲಿನ ಗೂಟ ಕೈಗೆ ಬಂದು ಕಲ್ಲು ತಿರುಗತೊಡಗಿತೋ, ಹಾಡು ತಾನಾಗಿ ಬಾಯಿಗೆ ಬರುತ್ತದೆ. ಹಾಗಾಗಿ ಕಾಕಾ ಕೋಟು ಕಳಚಿ, ಧೋತರ ಮೇಲೆ ಕಟ್ಟಿ, ಎದುರಿಗೆ ಕೂತು ಎಡಗೈಲಿ ಬೀಸುತ್ತಾರೆ, ಬಲಗೈಲಿ ಬರೆಯುತ್ತಾರೆ. ಆಡೂರಿನ ಮುದುಕಿಯೊಬ್ಬಳು ಹಿಟ್ಟು ಮುಟ್ಟಿ ನೋಡಿ ಕೇಳಿದಳಂತೆ:

"ಯಪ್ಪಾ, ಲಗ್ನಾ ಆಗೇತೇನು?"

"ಇಲ್ಲಬೇ."

"ಆಗೂದೂ ಇಲ್ಲ ತಗೋ. ಇದು ಹಿಟ್ಟೋ, ಉಸುಕೋ?"

ಅಷ್ಟು ನಗಿಸಿದ ಆ ಮುದುಕಿ ವಾರದೊಳಗೆ ತೀರಿಕೊಂಡಳು. ಆಮೇಲೆ ಶಿಗ್ಗಾವಿ ಕಡೆಯ ಒಬ್ಬಳು. ಆಮೇಲೆ ಇನ್ನೊಬ್ಬಳು. ಇವನು ಚಿತ್ರಗುಪ್ತನ ಕಾರಕೂನ, ಹಾಡಲ್ಲ, ಆಯುಷ್ಯ ಬರೆದುಕೊಳ್ಳುತ್ತಾನೆ ಎಂದು ಸುದ್ದಿ ಹಬ್ಬಿತು. ಸಂತೆಯಲ್ಲಿ ಇವರ ಛತ್ರಿ ಕಂಡರೆ ಸಾಕು, "ಬರ್ಕೊಳ್ಳಾವ ಬಂದ, ಬಾಗಲಾ ಹಾಕ್ರಿ!"

ಕಾಕಾ ನಗುತ್ತಿದ್ದರು. "ಹೋಗೂ ವಯಸ್ಸಿನವರನ್ನ ಹುಡುಕ್ಕೊಂಡು ಹೋಗ್ತೇನಿ. ಅವರು ಹೋಗ್ತಾರ. ಇದರಾಗ ನಂದೇನು ತಪ್ಪು?"

ಸವಣೂರಿನಿಂದ ಬಂದ ದಿನ ಮಾತ್ರ ನಗಲಿಲ್ಲ.

ಅಲ್ಲೊಬ್ಬ ಬೀಬಿ, ಎರಡೂ ಕಣ್ಣು ಹೋದವಳು. ಕಾಕಾ ಹೊಸಿಲಲ್ಲಿ ನಿಂತು ಇನ್ನೂ ಬಾಯಿ ತೆರೆದಿಲ್ಲ, "ಬಂದ್ಯಾ ಬೇಟಾ? ನಿನ್ನೇನ ಕಲ್ಲು ತೊಳದು ಇಟ್ಟೇನಿ," ಎಂದಳು. ತಾನು ಬರುವುದನ್ನು ಕಾಕಾ ಒಂದು ನರಪಿಳ್ಳೆಗೂ ಹೇಳಿರಲಿಲ್ಲ! ಬೀಸುತ್ತ ಹಾಡಿದಳು. ಇದುವರೆಗೆ ಯಾರೂ ಹಾಡದಷ್ಟು ದೂರ, ಕೊನೆಯ ಗುಡ್ಡದ ನೆತ್ತಿಯವರೆಗೆ ಹಾಡಿ ನಿಲ್ಲಿಸಿದಳು.

"ಮುಂದಿಂದು ನಂಗ ಬರೂದಿಲ್ಲ. ಹಾನಗಲ್ಲಾಗ ನಮ್ಮ ಗೆಳತಿ ಅದಾಳ, ಗಲ್ಲದ ಮ್ಯಾಲ ಚೇಳಿನ ಹಚ್ಚಿ. ಆಕಿಗಷ್ಟ ಗೊತ್ತು."

ಹೇಳಿ ಗೂಟ ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡಳು. ಕಾಕಾನ ಎರಡೂ ಕೈ ಕಾಗದದ ಮೇಲಿದ್ದವು. ಕಲ್ಲು ಮಾತ್ರ ನಿಧಾನಕ್ಕೆ ಇನ್ನೊಂದು ಸುತ್ತು ತಿರುಗಿ ನಿಂತಿತು.

ಮರುದಿನ ಬೀಬಿ ಇರಲಿಲ್ಲ.

ಗಲ್ಲದ ಮೇಲೆ ಚೇಳಿನ ಹಚ್ಚೆ ಇರುವ ಹೆಂಗಸು ಹಾನಗಲ್ಲಿನಲ್ಲಿ ಒಬ್ಬಳೇ: ನಮ್ಮ ಆಯಿ. ಕಾಕಾನನ್ನು ಹಡೆದವಳು!

ಕಾಕಾ ಆಯಿಯ ಮುಂದೆ ಹಾಡಿನ ಮಾತೇ ತೆಗೆಯಲಿಲ್ಲ. ಪ್ರಬಂಧ ಕೊಡುವ ದಿನ ಹತ್ತಿರ ಬಂತು. "ಬ್ಯಾರೆ ವಿಷಯ ಹಿಡೀತೇನಿ," ಎನ್ನತೊಡಗಿದರು. ತಡೆಯಲಾರದೆ ನಾನೇ ಆಯಿಗೆ ಎಲ್ಲ ಹೇಳಿಬಿಟ್ಟೆ. ಮರುದಿನ ನಸುಕಿನಲ್ಲಿ ಆಯಿ ಕಲ್ಲಿನ ಮುಂದೆ ಕೂತು ಕೂಗಿದಳು:

"ಬಾರೋ. ಊರ ಮುದುಕ್ಯಾರದೆಲ್ಲಾ ಬರ್ಕೊಂಡಿ, ಹಡದಾಕಿ ಹಾಡು ನಿಂಗ ಬ್ಯಾಡಾತೇನು?"

"ಈಗ ಪುರಸೊತ್ತಿಲ್ಲವ್ವಾ."

"ಅಂಜ್ತಿಯೇನು? ಇಷ್ಟು ಓದಿ ಇದನ್ನ ಕಲ್ತು ಬಂದ್ಯಾ? ಕುಂಡ್ರು, ಹಿಡಿ ಗೂಟಾ!"

ಕಾಕಾ ಕೂತರು. ಕಲ್ಲು ತಿರುಗಿತು. ನೂರು ಸಲ ಕೇಳಿದ ಆಯಿಯ ದನಿ ಅದಲ್ಲ. ಒಳಗಿನಿಂದ ಬೇರೆ ಯಾರೋ ಹಾಡಿದಂತಿತ್ತು. ಹಕ್ಕಿಯೊಂದೂ ಉಲಿಯಲಿಲ್ಲ, ಕೊಟ್ಟಿಗೆಯ ದನ ಮೆಲುಕು ನಿಲ್ಲಿಸಿದವು. ಹೆಣ್ಣುಮಗಳು ಕೊನೆಯ ಗುಡ್ಡ ಇಳಿದಳು. ದೂರದಲ್ಲಿ ತವರಿನ ದೀಪವೊಂದು ಕಂಡಿತು. ಇನ್ನುಳಿದದ್ದು ಒಂದೇ ನುಡಿ. ಆಯಿ ಉಸಿರೆಳೆದುಕೊಂಡಳು.

ಕಾಕಾ ಪೆನ್ಸಿಲ್ ಬಿಸಾಕಿ ಎರಡೂ ಕೈಯಿಂದ ಕಲ್ಲನ್ನು ತಬ್ಬಿ ಹಿಡಿದರು.

"ಸಾಕವ್ವಾ. ಜ್ವಾಳಾ ತೀರ್ತು."

"ಇನ್ನೂ ಒಂದ ಹಿಡಿ ಐತಲ್ಲೋ."

"ಅದು ನಾಳಿಗಿರ್ಲಿ."

ಆಯಿ ಮಗನ ಮುಖವನ್ನೇ ಬಹಳ ಹೊತ್ತು ನೋಡಿದಳು. ಹಿಟ್ಟಿನ ಕೈಯಿಂದಲೇ ಅವರ ಕೆನ್ನೆ ಒರೆಸಿದಳು. "ಆತು ತಗೋ. ನಾಳೆ," ಎಂದಳು.

ಆ ನಾಳೆಯನ್ನು ಕಾಕಾ ಇವತ್ತಿನವರೆಗೂ ಬರಗೊಟ್ಟಿಲ್ಲ. ಕೊನೆಯಿಲ್ಲದ ಪ್ರಬಂಧವನ್ನೇ ಧಾರವಾಡಕ್ಕೆ ಒಯ್ದರು. ಅಲ್ಲಿನ ಗುರುಗಳು ಪೂರ್ತಿ ಓದಿ, ಕನ್ನಡಕ ತೆಗೆದು ಕೇಳಿದರಂತೆ: "ಎಲ್ಲಾ ಛಲೋ ಐತಿ. ಆದರ ಆ ಹೆಣ್ಣುಮಗಳು ತವರು ಮುಟ್ಟಿದ್ಲೋ ಇಲ್ಲೋ? ಅದನ್ನ ಬರೀದನ ನಾ ಹೆಂಗ ಪಾಸ್ ಮಾಡ್ಲಿ?"

ಕಾಕಾ ಕಾಗದಗಳನ್ನು ವಾಪಸು ಎತ್ತಿಕೊಂಡು ಕೈಮುಗಿದರಂತೆ.

"ಆಕಿ ಇನ್ನೂ ದಾರ್ಯಾಗ ಅದಾಳ್ರಿ. ಸಾವಕಾಶ ಬರ್ಲಿ."