ಉಮ್ಮನ ಬಳ್ಳಿ, ನಮ್ಮ ಪುಡ್ಡಿಂಗ್

ಪ್ರಯೋಗಾಲಯದಲ್ಲಿ ನಗುವಂಥದ್ದು ದಿನಾ ಆಗುತ್ತಲೇ ಇರುತ್ತದೆ. ನಗು ಬರುವುದು ಮಾತ್ರ ಹತ್ತು ವರ್ಷ ಕಳೆದ ಮೇಲೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಎಲೆಯ ಚೂರನ್ನು ಬಾಟ್ಲಿಯಲ್ಲಿಟ್ಟು ಇಡೀ ಗಿಡ ಬೆಳೆಸುವ ಪುಟ್ಟ ಲ್ಯಾಬೊಂದು ನನ್ನ ಪಾಲಿಗೆ ಬಂದಿತ್ತು. ಅಲ್ಲಿ ನಡೆದದ್ದಕ್ಕೆಲ್ಲ ಈಗ ನಗುತ್ತೇನೆ, ಕೊನೆಯದೊಂದನ್ನು ಬಿಟ್ಟು. ಅದಕ್ಕೆ ಕೇಳಿದವರು ನಗುತ್ತಾರೆ.

ಕುಣಿಯುವ ಬಾಟ್ಲಿಗಳು

ಬಾಗಿಲ ಮೇಲೆ ‘ಟಿಶ್ಯೂ ಕಲ್ಚರ್’ ಎಂದು ಬೋರ್ಡು ಹಾಕಿಸಿದ್ದೆ. ಒಂದು ದಿನ ಬೆಳ್ತಂಗಡಿ ಕಡೆಯವರೊಬ್ಬರು ಮಗಳನ್ನು ಕರೆದುಕೊಂಡು ಬಂದರು.

“ಇವಳಿಗೆ ಭರತನಾಟ್ಯ ಬರ್ತದೆ ಮೇಡಂ. ನಿಮ್ಮ ಕಲ್ಚರಲ್ಸಿಗೆ ಸೇರಿಸಿಕೊಳ್ಳಿ.”

“ಇದು ಆ ಕಲ್ಚರ್ ಅಲ್ಲ. ಇಲ್ಲಿ ಗಿಡ ಬೆಳೆಸುವುದು” ಎಂದೆ.

ಮೂಲೆಯ ಯಂತ್ರದ ಮೇಲೆ ಹತ್ತು ಫ್ಲಾಸ್ಕುಗಳು ಒಂದೇ ಲಯದಲ್ಲಿ ತಿರುಗುತ್ತಿದ್ದವು. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. “ಗಿಡಕ್ಕೆ ಕುಣಿಯಲಿಕ್ಕೆ ಕಲಿಸ್ತೀರಿ, ನನ್ನ ಮಗಳಿಗೆ ಆಗುವುದಿಲ್ಲ ಅಂತೀರಲ್ಲ” ಎಂದು ಬೇಸರದಲ್ಲೇ ಹೊರಟುಹೋದರು.

ವಾಚಿನ ಹೂ

ಬಂಟ್ವಾಳದ ಹತ್ತಿರದ ನರಿಕೊಂಬಿನಲ್ಲಿ ವಯಸ್ಸಾದ ಬ್ಯಾರಿ ಹೆಂಗಸೊಬ್ಬರಿದ್ದರು. ಊರಿಗೆಲ್ಲ ಅವರು ಉಮ್ಮ, ನನಗೂ ಉಮ್ಮ. ಅವರ ಬಾವಿಕಟ್ಟೆಯ ಚಪ್ಪರದ ಮೇಲೆ ಒಂದು ಬಳ್ಳಿ. ನಾವು ಎಸಳು ಎಣಿಸಿ ಕೌರವ-ಪಾಂಡವ ಎನ್ನುತ್ತೇವಲ್ಲ, ಅದೇ ಹೂ. ಆದರೆ ಅಚ್ಚ ಬಿಳಿ. ನಡುವೆ ಗಡಿಯಾರದ ಮುಳ್ಳಿನ ಹಾಗೆ ನಿಂತ ಕೇಸರ ನೋಡಿ ಉಮ್ಮ ಅದನ್ನು ವಾಚಿನ ಹೂ ಎನ್ನುತ್ತಿದ್ದರು. ಅವರ ಯಜಮಾನರು ಬೊಂಬಾಯಿಯ ಬಂಗಲೆಯೊಂದರಲ್ಲಿ ಅಡುಗೆಯವರಾಗಿದ್ದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಯಂತೆ. ಯಜಮಾನರು ತೀರಿಹೋಗಿದ್ದರು. ಈಗ ಬಳ್ಳಿಯ ಬುಡವೂ ಕೊಳೆಯುತ್ತಿತ್ತು. ಅದು ಕಾಯಿ ಬಿಡುತ್ತಿರಲಿಲ್ಲ. ನೆಟ್ಟ ಕಡ್ಡಿಗಳೆಲ್ಲ ಒಣಗಿದ್ದವು. ತುದಿಯಲ್ಲಿ ಒಂದಿಷ್ಟು ಹಸಿರೆಲೆ ಮಾತ್ರ ಉಳಿದಿತ್ತು.

“ಎಲೆ ಕೊಡಿ ಉಮ್ಮ, ಅದರಿಂದಲೇ ಗಿಡ ಮಾಡಿಕೊಡ್ತೇನೆ” ಎಂದು ದೊಡ್ಡ ಮನುಷ್ಯಳ ಹಾಗೆ ಮಾತು ಕೊಟ್ಟುಬಿಟ್ಟೆ.

ಉಮ್ಮ ಬಾಯಲ್ಲಿದ್ದ ವೀಳ್ಯವನ್ನು ಕೆನ್ನೆಗೆ ಸರಿಸಿ ಯೋಚಿಸಿದರು. “ಒಂದು ಎಲೆಗೆ ಒಂದು ಬಳ್ಳಿಯಾ? ಅಯ್ಯೋ ಟೀಚರ್, ಹಾಗಾದರೆ ನಾನು ಇಷ್ಟರವರೆಗೆ ಎಷ್ಟು ತೋಟ ತಿಂದೆ!”

ಹಾಲು ಎಲ್ಲಿ?

ಆರು ತಿಂಗಳಾದ ಮೇಲೆ ಉಮ್ಮ ತಮ್ಮ ಎಲೆಗಳನ್ನು ನೋಡಲು ಬಸ್ಸು ಹತ್ತಿ ಮೂಡುಬಿದಿರೆಗೇ ಬಂದರು. ಜಾಮ್ ಬಾಟ್ಲಿಯ ತಳದಲ್ಲಿ ತಿಳಿಯಾದ ಜೆಲ್ಲಿ, ಅದರ ಮೇಲೆ ಎಲೆಯ ಚೂರು.

“ಇದು ಎಂಥದ್ದು ಕೆಳಗೆ?”

“ಚೈನಾ ಗ್ರಾಸ್, ಸಕ್ಕರೆ, ಸ್ವಲ್ಪ ಬೊಂಡದ ನೀರು. ಮತ್ತೆ ಒಂದೆರಡು ಮದ್ದು.”

“ಇದು ಪುಡ್ಡಿಂಗ್ ಅಲ್ಲವಾ! ರಂಜಾನಿನ ನೋಂಬಿಗೆ ನಾನೂ ಮಾಡ್ತೇನೆ. ಹಾಲು ಎಲ್ಲಿ? ಹಾಲು ಹಾಕದೆ ಗಿಡ ಹೇಗೆ ಪುಷ್ಟಿಯಾಗುವುದು?”

ಅಂದಿನಿಂದ ಲ್ಯಾಬಿನಲ್ಲಿ ಆ ಜೆಲ್ಲಿಗೆ ಪುಡ್ಡಿಂಗ್ ಎಂದೇ ಹೆಸರಾಯಿತು. ಬೂಷ್ಟು ಹಿಡಿದರೆ “ಪುಡ್ಡಿಂಗ್ ಹಳಸಿತು” ಎನ್ನುತ್ತಿದ್ದೆವು. ಹೆಸರು ರೂಢಿಗೆ ತಂದವಳು ನಾನೇ, ನೆನಪಿರಲಿ.

ಮಾತಾಡಬಾರದು

ಬಾಯಿಯಿಂದ ಕ್ರಿಮಿ ಹಾರುತ್ತದೆ, ಒಳಗೆ ಬಂದ ಮೇಲೆ ತುಟಿ ಬಿಚ್ಚಬೇಡಿ ಎಂದು ನಮ್ಮ ಅಟೆಂಡರಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಪಾಪ, ಮಡಿಯ ಹಾಗೆ ಪಾಲಿಸುತ್ತಿದ್ದರು. ಒಂದು ಬೆಳಿಗ್ಗೆ ನಾನು ತಲೆ ಬಗ್ಗಿಸಿ ಎಲೆ ಕತ್ತರಿಸುತ್ತಿದ್ದಾಗ ಪಕ್ಕದ ಕೋಣೆಯಿಂದ ಬಂದು ಕೈಬಾಯಿ ಸನ್ನೆ ಮಾಡಿದರು. ಚಾ ಬೇಕೇ ಎಂದು ಕೇಳುತ್ತಿದ್ದಾರೆಂದುಕೊಂಡು ಬೇಡವೆಂದು ತಲೆಯಾಡಿಸಿದೆ. ಮತ್ತೆ ಮಾಡಿದರು. ಮತ್ತೆ ಬೇಡವೆಂದೆ. ಅರ್ಧ ಗಂಟೆ ಬಾಗಿಲಲ್ಲಿ ನಿಂತು ಕಾದು, ನಾನು ಹೊರಗೆ ಬಂದ ಕೂಡಲೇ ಬಾಯಿ ಬಿಟ್ಟರು: “ಎ.ಸಿ.ಯ ನೀರು ಬಾಟ್ಲಿಗಳ ಮೇಲೆ ಬೀಳ್ತಾ ಉಂಟು ಮೇಡಂ.”

ನೀರು ಇಳಿದ ಬಾಟ್ಲಿಗಳಿಗೆಲ್ಲ ಬೂಷ್ಟು ಹಿಡಿದು, ಉಮ್ಮನ ಎಲೆಯ ನಲವತ್ತು ಬಾಟ್ಲಿಗಳಲ್ಲಿ ಉಳಿದದ್ದು ಮೂರು.

“ಹೇಳಬಾರದಿತ್ತಾ ಮಾರಾಯ್ರೆ?” ಎಂದು ಕೂಗಿದೆ.

“ಹೇಳಬಾರದು ಅಂತ ಹೇಳಿದ್ದು ನೀವೇ ಅಲ್ಲವಾ?”

ತುಂಬಿ ಬಂದ ಬಾಟ್ಲಿ

ಮೂರರಲ್ಲಿ ಎರಡು ಬೇರು ಬಿಡದೆ ಕಪ್ಪಾದವು. ಒಂದೇ ಒಂದು ನಾಲ್ಕೆಲೆ ಬಿಟ್ಟು ನಿಂತಿತು. ಅಷ್ಟರಲ್ಲಿ ನರಿಕೊಂಬಿನ ಬಳ್ಳಿ ಪೂರ್ತಿ ಒಣಗಿ ಒಲೆಗೆ ಹೋಗಿತ್ತು. ಆ ಬಾಟ್ಲಿಯಲ್ಲಿ ಇದ್ದಷ್ಟೇ ಇನ್ನು ಉಳಿದದ್ದು.

ಗಿಡವನ್ನು ನಾನೇ ಮಣ್ಣಿಗೆ ಹಾಕಿ, ಒಂದಿಷ್ಟು ದಿನ ಸಾಕಿ, ಕೈಯಾರೆ ಒಯ್ದು ಕೊಡಬೇಕಿತ್ತು. ಆದರೆ ಗಾಜಿನೊಳಗೆ ನಿಂತ ಗಿಡವನ್ನು ಉಮ್ಮ ನೋಡಲಿ ಎಂಬ ಜಂಬ ನನಗೆ. ಪರೀಕ್ಷೆಯ ಕೆಲಸದಲ್ಲಿ ಪುರುಸೊತ್ತೂ ಇರಲಿಲ್ಲ. ನಾಡಿದ್ದು ಹೋಗಿ ನಾನೇ ನೆಟ್ಟರಾಯಿತೆಂದು ಬಂಟ್ವಾಳದ ಬಸ್ಸಿನ ಪರಿಚಯದ ಕಂಡಕ್ಟರ್ ಕೈಗೆ ಕೊಟ್ಟೆ. ಉಮ್ಮನ ಮಗನ ಅಂಗಡಿ ಬಂಟ್ವಾಳ ಪೇಟೆಯಲ್ಲೇ ಇತ್ತು, ಅಲ್ಲಿ ಕೊಟ್ಟರೆ ಸಾಕೆಂದೆ.

“ಎಂಥ ಮೇಡಂ ಇದು?”

“ಪುಡ್ಡಿಂಗ್. ಅಲ್ಲಾಡಿಸಬೇಡಿ” ಎಂದು ನಕ್ಕೆ.

ನಾಡಿದ್ದು ಎಂದದ್ದು ಒಂದು ವಾರವಾಯಿತು. ಓಡುತ್ತ ಹೋದೆ. ಉಮ್ಮ ಚಾಪೆ ಹಾಸಿ ಕೂರಿಸಿದರು.

“ಟೀಚರ್, ನೀವು ಕಳಿಸಿದ ಪುಡ್ಡಿಂಗ್ ನನಗೆ ಸಿಗಲೇ ಇಲ್ಲ. ನಾನು ಕಲ್ಲಡ್ಕದ ಮಗಳ ಮನೆಯಲ್ಲಿದ್ದೆ, ಬಾಣಂತನಕ್ಕೆ. ಬಸ್ಸಿನ ಸೆಕೆಗೆ ಹಾಳಾಗಿ ಮೇಲೆ ಸೊಪ್ಪು ಬೆಳೆದಿತ್ತಂತೆ. ಸೊಸೆ ಚೆಲ್ಲಿ ತೊಳೆದಿಟ್ಟಳು. ಬೇಸರ ಮಾಡಬೇಡಿ.”

ಬೇರೆಯವರ ಪಾತ್ರೆಯನ್ನು ಖಾಲಿ ಹಿಂದೆ ಕೊಡುವ ಕ್ರಮ ನಮ್ಮ ಕಡೆ ಇಲ್ಲ. ಉಮ್ಮ ನನ್ನ ಜಾಮ್ ಬಾಟ್ಲಿಯನ್ನು ಮುಂದಿಟ್ಟರು. ಅದರ ಕುತ್ತಿಗೆಯವರೆಗೂ ಬೆಳ್ಳಗಿನ ಪುಡ್ಡಿಂಗ್. “ತಿನ್ನಿ. ಸೊಸೆ ಮಾಡಿದ್ದು. ನನಗೆ ನಮ್ಮ ಯಜಮಾನರು ಕಲಿಸಿದ್ದು.”

ಬಾಟ್ಲಿಗೆ ಒಂದು ಚೀಟಿ ಅಂಟಿಸಿದ್ದರೆ ಸಾಕಿತ್ತು. ಎರಡು ವರ್ಷ ಸಾಕಿದ್ದನ್ನು ಒಂದು ತಮಾಷೆಗೆ ಕಳೆದೆನಲ್ಲ. ಇವತ್ತಿಗೂ ನೆನೆದರೆ ನಗು ಬರುವುದಿಲ್ಲ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಹೊಸ ಮದುಮಗಳು, ಪುಡ್ಡಿಂಗ್ ಹೇಗಾಗಿದೆಯೋ ಎಂದು ನನ್ನ ಮುಖವನ್ನೇ ನೋಡುತ್ತ. ತೆರೆದ ಬಾಯಿಗೆ ಒಂದು ಚಮಚ ಹಾಕಿಕೊಂಡೆ. ಬಹಳ ರುಚಿಯಾಗಿತ್ತು.

“ಮತ್ತೆ, ನನ್ನ ಗಿಡ ಎಲ್ಲಿಗೆ ಬಂತು ಟೀಚರ್?”

“ಆಗ್ತಾ ಉಂಟು ಉಮ್ಮ” ಎಂದೆ.

ಉಮ್ಮ ನನ್ನ ಬೆನ್ನು ಸವರಿದರು. “ನಿಧಾನ ಆಗಲಿ. ನಾನು ಆವತ್ತೇ ಹೇಳಿದೆ, ನೀವು ಕೇಳುವುದಿಲ್ಲ. ಸ್ವಲ್ಪ ಹಾಲು ಹಾಕಿ ನೋಡಿ.”