ಲಕೋಟೆಯೊಳಗಿನ ಕೊಲೆಗಾರ

ತೊಂದರೆಗೆಲ್ಲ ಕಾರಣ ಒಂದು ಖಾಲಿ ಹಾಳೆ. ಐದು ತಿಂಗಳ ಹಿಂದೆ, ವಾರಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಶುರುಮಾಡುವಾಗ ಸಂಪಾದಕರು, "ಕೊಲೆಗಾರ ಯಾರು ಅಂತ ಬರೆದು, ಲಕೋಟೆ ಅಂಟಿಸಿ ಮೊದಲ ಕಂತಿನ ಜೊತೆ ಕೊಡಿ. ಕಾರಣ ಸಮೇತ ಸರಿಯಾಗಿ ಊಹಿಸಿದ ಓದುಗರಿಗೆ ಹೊಲಿಗೆ ಯಂತ್ರ" ಎಂದಿದ್ದರು. ನಮ್ಮ ಕತೆಗಾರನಿಗೆ ಕೊಲೆಗಾರ ಇನ್ನೂ ಹೊಳೆದಿರಲಿಲ್ಲ. ಬರೆಯುತ್ತಾ ಹೋದರೆ ತಾನಾಗಿ ಸಿಗುತ್ತಾನೆಂದು ಖಾಲಿ ಹಾಳೆ ಮಡಚಿಟ್ಟು, ಅಂಟಿಸಲು ಹೆಂಡತಿಯ ಕೈಗೆ ಕೊಟ್ಟಿದ್ದ.

ಸಿಗಲಿಲ್ಲ. ಆದರೂ ಆತನ ಕೈಚಳಕ ಮೆಚ್ಚಲೇಬೇಕು! ಡಾಕ್ಟರು, ಅಳಿಯ, ಅಡುಗೆಯವಳು, ಗಡಿಯಾರ ರಿಪೇರಿಯವನು, ನಾಲ್ವರ ಮೇಲೂ ಒಂದೇ ತೂಕದ ಅನುಮಾನ ಹುಟ್ಟಿಸಿ ಇಪ್ಪತ್ತು ವಾರ ಊರನ್ನೇ ತುದಿಗಾಲಲ್ಲಿ ನಿಲ್ಲಿಸಿದ್ದ. ಇನ್ನು ಕೊನೆಯ ಕಂತೊಂದೇ ಬಾಕಿ. ಇವತ್ತು ಪತ್ರಿಕೆಯ ಆಫೀಸಿನಲ್ಲಿ ಓದುಗರೆದುರು ಲಕೋಟೆ ಒಡೆಯುತ್ತಾರೆ. ಅಷ್ಟರೊಳಗೆ ಅದನ್ನು ಬದಲಾಯಿಸದಿದ್ದರೆ ಮಾನ ಹರಾಜು.

"ಡಾಕ್ಟರ್" ಎಂದು ಬರೆದ ಹಾಳೆಯಿದ್ದ ಹೊಸ ಲಕೋಟೆ ಜೇಬಿಗಿಳಿಸಿ ಬೇಗನೆ ಹೊರಟ. ಗೇಟಿನಲ್ಲೇ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಹಿಡಿದುಕೊಂಡರು.

"ಅಳಿಯನೇ ತಾನೇ ಕೊಂದಿದ್ದು? ನನ್ನ ಕಿವೀಲಿ ಹೇಳಿ ಸಾಕು."

"ಹೇಳೋ ಹಾಗಿಲ್ಲ ಸಾರ್."

"ಹಾಗಾದ್ರೆ ನಾನೂ ಬರ್ತೀನಿ, ನಡೀರಿ."

ಗೋಂದಿನಂತೆ ಅಂಟಿಕೊಂಡೇ ಬಂದರು. ಸಂಪಾದಕರು ಇನ್ನೂ ಬಂದಿರಲಿಲ್ಲ. ಅವರ ಮೇಜಿನ ಮೇಲೆ ಹಳೆಯ ಲಕೋಟೆ ಒಂಟಿಯಾಗಿ ಬಿದ್ದಿತ್ತು. ಕತೆಗಾರ ಹೊಸದನ್ನು ಹೊರತೆಗೆದು ಕೈ ಚಾಚಿದ. ಅದೇ ಹೊತ್ತಿಗೆ ಹೆಡ್‌ಮಾಸ್ಟರು ಆಫೀಸಿನ ಹುಡುಗ ಕೊಟ್ಟ ಟೀಯನ್ನು ಮೇಜಿನ ಮೇಲೆ ಚೆಲ್ಲಿಬಿಟ್ಟರು.

"ಅಯ್ಯೋ, ಒಂದು ಕಾಗದ ಕೊಡ್ರೀ!" ಎನ್ನುತ್ತಾ ಅವನ ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು, ಮೇಜು ಒರೆಸಿ, ಮುದುರಿ ಬುಟ್ಟಿಗೆ ಎಸೆದುಬಿಟ್ಟರು.

ಹನ್ನೊಂದಕ್ಕೆ ಕೋಣೆ ತುಂಬಿತು. ಸಂಪಾದಕರು ಲಕೋಟೆ ಒಡೆದರು. ಕತೆಗಾರ ಕಣ್ಣು ಮುಚ್ಚಿಕೊಂಡ.

"ಗಡಿಯಾರ ರಿಪೇರಿಯವನು!" ಎಂದು ಓದಿದರು ಸಂಪಾದಕರು. "ಕಾರಣಾನೂ ಬರೆದಿದ್ದಾರೆ. ಮೊದಲನೇ ಕಂತಲ್ಲೇ ಆ ಮನೆ ಗಡಿಯಾರ ಸರಿಯಾಗಿ ಓಡ್ತಿತ್ತಂತೆ. ಮತ್ತೆ ರಿಪೇರಿಯವನು ಬಂದಿದ್ದು ಯಾಕೆ?"

ಚಪ್ಪಾಳೆಯೋ ಚಪ್ಪಾಳೆ! ಕತೆಗಾರ ಕಣ್ಣುಬಿಟ್ಟು ನೋಡಿದ. ದುಂಡಗಿನ ಅಕ್ಷರ, ಹೆಂಡತಿಯದು. ಒಂದೇ ಕಂತು ಓದಿ, ತನಗೆ ಇಪ್ಪತ್ತು ವಾರ ಸಿಗದವನನ್ನು ಹಿಡಿದುಹಾಕಿದ್ದಳು. ಅವನಿಗೆ ಅವಳ ಮೇಲೆ ಉಕ್ಕಿದ ಅಭಿಮಾನ ಅಷ್ಟಿಷ್ಟಲ್ಲ.

"ಬಂದ ಎರಡು ಸಾವಿರ ಉತ್ತರಗಳಲ್ಲಿ ಹೆಸರು, ಕಾರಣ ಎರಡೂ ಇದಕ್ಕೆ ಹೊಂದೋದು ಒಂದೇ," ಎಂದು ಸಂಪಾದಕರು ಒಂದು ಕಾರ್ಡು ಎತ್ತಿದರು. ಓದುತ್ತಾ ಅವರ ಮುಖ ಗಂಟಿಕ್ಕಿತು. "ಇದು ನಿಮ್ಮ ಮನೆ ವಿಳಾಸ ಅಲ್ವೇನ್ರೀ? ಹೆಸರೂ ನಿಮ್ಮ ಹೆಂಡತೀದು. ಅಕ್ಷರಾನೂ ಎರಡರಲ್ಲೂ ಒಂದೇ!"

"ಹೆಂಡತಿಗೆ ಹೇಳಿಕೊಟ್ಟುಬಿಟ್ರಾ?" ಹೆಡ್‌ಮಾಸ್ಟರು ಕೂಗಿದರು. "ನನಗೆ ಮಾತ್ರ ಹೇಳೋ ಹಾಗಿಲ್ಲ!"

"ಇಲ್ಲ ಸಾರ್! ಕೊಲೆಗಾರ ಯಾರೂಂತ ನನಗೇ ಗೊತ್ತಿರಲಿಲ್ಲ!"

ಬೆಳಿಗ್ಗೆಯಿಂದ ಅವನಾಡಿದ ಮೊದಲ ನಿಜ ಅದು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಸಿಕ್ಕಿಬಿದ್ದಾಗಲೂ ಎಂಥಾ ಕತೆ ಕಟ್ತಾರೆ ನೋಡಿ!" ಸಂಪಾದಕರೂ ನಕ್ಕು ಹೊಲಿಗೆ ಯಂತ್ರವನ್ನು ಒಳಗಿಡಿಸಿದರು. "ಮುಂದಿನ ಧಾರಾವಾಹೀನೂ ನಿಮ್ಮದೇ. ಆದ್ರೆ ಈ ಸಲ ಮನೆ ಕಡೆ ಹೋಗೋದು ಬೇಡ. ಕೊಲೆಗಾರ ಯಾರೂಂತ ಇಲ್ಲೇ, ನನ್ನೆದುರಿಗೇ ಕೂತು ಬರೆದುಕೊಡಿ."

ಹಾಗೆಂದು ಅವನ ಮುಂದೆ ಒಂದು ಖಾಲಿ ಹಾಳೆ ಸರಿಸಿದರು.